ಸೂರ್ಯನ ಮೇಲೊಂದು ಸುಳ್ಳು ಆಪಾದನೆ

ಭೂಮಿ ಬಿಸಿಯೇರುತ್ತಿದ್ದರೆ ಅದು ಸೂರ್ಯನ ಲೀಲೆ, ಮನುಷ್ಯನ ಕೈವಾಡ ಅದರಲ್ಲಿಲ್ಲ ಎಂಬ ವಾದ ಇನ್ನೂ ಸತ್ತಿಲ್ಲ. ಕಲ್ಲಿದ್ದಲು, ತೈಲಗಳ ವಹಿವಾಟಿನಿಂದ ಕೊಬ್ಬಿದವರಿಗೆ ಇದಕ್ಕಿಂತ ಹಿತವಾದ ವಾದ ಬೇರೊಂದಿರಲಾರದು. ಆರೋಪಿಯನ್ನು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿಬಿಟ್ಟರೆ ಸಮನ್ಸ್ ಜಾರಿ ಮಾಡುವವರಾರು? ಆದರೆ ಈ ವಾದ ಧ್ರುವಪ್ರದೇಶದ ಒಂದು ಚಳಿಗಾಲವನ್ನೂ ದಾಟಲಾರದು.

ಉತ್ತರ ಧ್ರುವದಲ್ಲಿ ಮಾರ್ಚ್ ತಿಂಗಳಲ್ಲಿ ಮೂಡಿದ ಸೂರ್ಯ ಮುಳುಗುವುದು ಸೆಪ್ಟೆಂಬರಿನಲ್ಲಿ. ಜೂನ್ 21ರ ಆಸುಪಾಸಿನಲ್ಲಿ ಅಲ್ಲಿನ ವಾಯುಮಂಡಲದ ನೆತ್ತಿಯ ಮೇಲೆ ಒಂದು ದಿನಕ್ಕೆ ಬೀಳುವ ಸೌರಶಕ್ತಿ ಸಮಭಾಜಕ ವೃತ್ತದ ಪಾಲಿಗಿಂತಲೂ ಅಧಿಕ. ಆದರೂ ಉಷ್ಣತೆ ಸೊನ್ನೆಯ ಆಚೀಚೆಯೇ ನಿಲ್ಲುತ್ತದೆ. ಓರೆಯಾಗಿ ಬರುವ ಕಿರಣ ಗಾಳಿಯ ದೀರ್ಘ ಹಾದಿಯಲ್ಲಿ ಸೊರಗುತ್ತದೆ. ನೆಲ ಮುಟ್ಟಿದ್ದರಲ್ಲೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಹೊಸ ಹಿಮ ಆಕಾಶಕ್ಕೆ ಮರಳಿಸುತ್ತದೆ. ಉಳಿದುದರಲ್ಲಿ ಬಹುಪಾಲು ಹಿಮ ಕರಗಿಸುವುದಕ್ಕೇ ವ್ಯಯವಾಗುತ್ತದೆ. ಎಳೆಯ ಅಡಿಕೆ ಮರದ ಕಾಂಡ ಬಿಸಿಲಿಗೆ ಸೀಯದಂತೆ ಸುಣ್ಣ ಬಳಿಯುವ ಮಲೆನಾಡಿನ ಕೃಷಿಕನಿಗೆ ಬಿಳಿಬಣ್ಣದ ಈ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ.

ಆ ಸುಣ್ಣ ಈಗ ಕಳಚುತ್ತಿದೆ. 1980ರ ದಶಕದ ಸೆಪ್ಟೆಂಬರುಗಳಲ್ಲಿ ಆರ್ಕ್ಟಿಕ್ ಸಾಗರದ ಮೇಲೆ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಹಿಮ ಉಳಿಯುತ್ತಿತ್ತು. 2012ರಲ್ಲಿ ಉಳಿದದ್ದು ಸುಮಾರು 34 ಲಕ್ಷ. ಹಿಮ ಸರಿದಲ್ಲಿ ತೆರೆದುಕೊಳ್ಳುವ ಕಪ್ಪು ಕಡಲು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ನುಂಗುತ್ತದೆ.

ಇನ್ನು ಚಳಿಗಾಲ. 1979ರಿಂದೀಚೆಗೆ ಆರ್ಕ್ಟಿಕ್ ವಲಯ ಜಗತ್ತಿನ ಸರಾಸರಿಯ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಈ ಏರಿಕೆ ಅತಿ ತೀವ್ರವಾಗಿರುವುದು ಹಗಲೇ ಮುಗಿಯದ ಬೇಸಗೆಯಲ್ಲಲ್ಲ. ಸೂರ್ಯ ಕುಗ್ಗುವ, ಕಾಣೆಯಾಗುವ ಶರತ್ಕಾಲ, ಚಳಿಗಾಲಗಳಲ್ಲಿ! 2018ರ ಫೆಬ್ರುವರಿ ಕೊನೆಯಲ್ಲಿ ಗ್ರೀನ್‌ಲ್ಯಾಂಡಿನ ಉತ್ತರ ತುದಿಯಲ್ಲಿ, ವರ್ಷದ ಮೊದಲ ಸೂರ್ಯೋದಯಕ್ಕೂ ಮುನ್ನ, ಉಷ್ಣತೆ ಸೊನ್ನೆಯನ್ನು ಮೀರಿ ಏರಿತು. ಊರಿನಲ್ಲೇ ಇಲ್ಲದವನ ಮೇಲೆ ಕಳವಿನ ದೂರು ದಾಖಲಿಸುವ ನ್ಯಾಯ ಇದೆಂಥದು?

ಬೇಸಗೆಯಲ್ಲಿ ಕಡಲು ನುಂಗಿದ ಬಿಸಿಲೇ ಚಳಿಗಾಲದಲ್ಲಿ ಹೊರಬರುತ್ತಿಲ್ಲವೇ ಎಂದು ವಾದಿಗಳು ಕೇಳಬಹುದು. ಹೌದು, ಬರುತ್ತಿದೆ. ಆದರೆ ಬಿಸಿಲು ಹೆಚ್ಚಿಲ್ಲ. 1978ರಿಂದ ಉಪಗ್ರಹಗಳು ಅಳೆದಿರುವ ಸೂರ್ಯನ ಪ್ರಖರತೆ ಸುಮಾರು 11 ವರ್ಷಗಳ ಆವರ್ತದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಏರಿಳಿದಿದೆಯೇ ಹೊರತು ಒಟ್ಟಾರೆ ಏರಿಕೆ ಕಂಡಿಲ್ಲ. ಏರಿದ್ದು ಇಂಗಾಲದ ಡೈಆಕ್ಸೈಡ್: ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280ರಷ್ಟಿದ್ದುದು ಇಂದು 420ನ್ನು ದಾಟಿದೆ. ಈ ಅನಿಲದ ಕಂಬಳಿಗೆ ಹಗಲು ರಾತ್ರಿಗಳ ಭೇದವಿಲ್ಲ. ನೆಲದಿಂದ ಹೊರಟ ಶಾಖವನ್ನು ಅದು ಕತ್ತಲೆಯಲ್ಲಿಯೂ ತಡೆಹಿಡಿಯುತ್ತದೆ.

(ದಕ್ಷಿಣ ಧ್ರುವದ ಮಾತೂ ಅಷ್ಟೇ. ಅಲ್ಲಿ ಬೇಸಗೆಯಿರುವ ಜನವರಿಯಲ್ಲಿ ಭೂಮಿ ಸೂರ್ಯನಿಗೆ ಜುಲೈಗಿಂತ 50 ಲಕ್ಷ ಕಿಲೋಮೀಟರ್ ಹತ್ತಿರವಿರುತ್ತದೆ. ಆದರೂ ಸುಮಾರು 2,800 ಮೀಟರ್ ಎತ್ತರದ ಆ ಹಿಮದ ದಿಬ್ಬದ ಮೇಲೆ ಉಷ್ಣತೆ ಎಂದೂ ಸೊನ್ನೆಯನ್ನು ಮುಟ್ಟಿದ ದಾಖಲೆಯಿಲ್ಲ.)

2007ರಲ್ಲಿ ರಷ್ಯಾ ಉತ್ತರ ಧ್ರುವದ ಕಡಲತಳದಲ್ಲಿ ತನ್ನ ಧ್ವಜ ನೆಟ್ಟಿತು. ಮರುವರ್ಷ ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ, ಆರ್ಕ್ಟಿಕ್ ವೃತ್ತದ ಉತ್ತರಕ್ಕೆ ಸುಮಾರು 9,000 ಕೋಟಿ ಬ್ಯಾರೆಲ್ ತೈಲ ಅಡಗಿರಬಹುದೆಂದು ಅಂದಾಜಿಸಿತು. ಹಿಮ ಕರಗಿದ್ದಕ್ಕೆ ಸೂರ್ಯನನ್ನು ದೂರುವವರೇ ಅಲ್ಲಿ ಬಾವಿ ಕೊರೆಯಲು ಪರವಾನಗಿ ಕೇಳುವಾಗ, ಇನ್ನೆಷ್ಟು ವರ್ಷಕ್ಕೆ ಎಷ್ಟು ಹಿಮ ಸರಿದೀತೆಂಬ ವಿಜ್ಞಾನಿಗಳ ಲೆಕ್ಕವನ್ನು ಒಂದಂಕಿಯನ್ನೂ ಬಿಡದೆ ನಂಬುತ್ತಾರೆ.