ಲಟಕ್ ಅಂದಮಾತ್ರಕ್ಕೆ ಬೆನ್ನು ನೆಟ್ಟಗಾಗೋಲ್ಲ ಸ್ವಾಮಿ

ಬಹಳ ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಸೋಮಾರಿತನ ಅಂದುಕೊಂಡಿರಿ ಅಲ್ವಾ? ಈ ಸಲ ನಿಜಕ್ಕೂ ಬೆನ್ನುನೋವು :)

ಊರು ಗಳಗನಾಥಕ್ಕೆ ಹೋಗಿದ್ದೆ. ಮೆಣಸಿನಕಾಯಿ ಚೀಲಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ವರ್ಷವಿಡೀ ಕೀಬೋರ್ಡ್ ಬಿಟ್ಟು ಬೇರೇನೂ ಎತ್ತದ ನಾನು ಹೋಗಿ ಕೈ ಹಾಕಿದೆ. ಚೀಲ ಎತ್ತಿ ಹಾಗೇ ಸೊಂಟ ತಿರುಗಿಸಿದ್ದೇ ತಡ, ಚಳುಕು! ಅಲ್ಲೇ ಕುಸಿದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಂತೆ. ನನ್ನಿಂದ ಒಂದು ಚೀಲ ಆಗಲಿಲ್ಲ.

ಬೆಂಗಳೂರಿಗೆ ಬಂದು ಒಂದು ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿಗೆ ಹೋದೆ. ಮಗ್ಗುಲಾಗಿ ಮಲಗಿಸಿ ಒತ್ತಿದರು, ಲಟಕ್ ಅಂತು, ಹಗುರಾಯ್ತು. ಸುಳ್ಳು ಹೇಳೋಲ್ಲ, ಹಗುರಾಯ್ತು. ಆದರೆ "ಎಲುಬು ಜಾಗಕ್ಕೆ ಕೂತಿತು" ಅಂದರಲ್ಲ, ನನ್ನ ಜಗಳ ಅದರ ಜೊತೆ. ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುವುದರಿಂದ ಬರುವಂಥದ್ದು, ಬೆರಳು ನೆಟಿಗೆ ಮುರಿದಾಗ ಬರುತ್ತಲ್ಲ, ಅದೇ. ಕೂತಿತು ಅಂದಮೇಲೆ ರೋಗಿ ಏನು ಮಾಡ್ತಾನೆ? ಎದ್ದು ಹೋಗಿ ಮತ್ತೆ ಚೀಲ ಎತ್ತುತ್ತಾನೆ.

ನಮ್ಮ ಕಾಕಾ ಮಾಡಿದ್ದೂ ಅದನ್ನೇ. ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ಯಾರೋ ಒಬ್ಬರ ಹತ್ತಿರ ಕುತ್ತಿಗೆ ತಿರುವಿಸಿಕೊಂಡು ಬಂದ, ಮರುದಿನವೇ ಹೆಗಲಿಗೆ ಚೀಲ. ಒಂದೇ ವಾರದಲ್ಲಿ ಎಡಗೈ ಬೆರಳು ಜೋಮು. ಫೋನಿನಲ್ಲಿ ಕೇಳಿದೆ, "ಕಾಕಾ, ಆರಾಮ ಮಾಡು ಅಂತ ಅವರು ಹೇಳಲಿಲ್ಲೇನು?"

"ಏನೂ ಹೇಳಲಿಲ್ಲೋ ತಮ್ಮಾ. ರೊಕ್ಕಾ ಇಸ್ಕೊಂಡ್ರು, ನಡಿ ಅಂದ್ರು."

ನನಗೆ ಸಿಟ್ಟು ಬಂದದ್ದು ಇಲ್ಲಿ. ಟೇಬಲ್ ಮೇಲೆ ಹತ್ತು ನಿಮಿಷ, ಉಳಿದ ಇಪ್ಪತ್ಮೂರು ಚಿಲ್ಲರೆ ಗಂಟೆಗೆ ಯಾರು ಜವಾಬ್ದಾರಿ? ಡಿ.ಡಿ. ಪಾಮರ್ ಎಂಬಾತ 1895ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ವಿದ್ಯೆ ಇದು. ಮೊದಲ ರೋಗಿಯ ಕಿವುಡುತನ ಹೋಯ್ತು ಅಂತ ಹೇಳಿಕೊಂಡಿದ್ದ ಪುಣ್ಯಾತ್ಮ! ಹಾಗಂತ ಪೂರ್ತಿ ಬೂಟಾಟಿಕೆ ಅನ್ನಲಾರೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಬೆನ್ನೆಲುಬಿನ ಕೈಚಿಕಿತ್ಸೆಗೂ ಜಾಗ ಇದೆ. ಜೊತೆಗೆ ವ್ಯಾಯಾಮ ಮತ್ತು ತಿಳಿವಳಿಕೆ ಕೊಡುವುದೂ ಇದೆ. ನಮ್ಮವರು ಮೊದಲನೆಯದನ್ನಷ್ಟೇ ಮಾರುತ್ತಾರೆ. ಎಲ್ಲರೂ ಕಟ್ಟಿಕೊಂಡು ತಿರುಗುವ ಸೊಂಟದ ಬೆಲ್ಟನ್ನು ಅದೇ ಮಾರ್ಗಸೂಚಿ ಬೇಡ ಅನ್ನುತ್ತದೆ. ನಾನೂ ಒಂದು ಕೊಂಡಿದ್ದೆ, ಈಗ ಅದು ಅಟ್ಟದ ಮೇಲಿದೆ.

ಹಾಸಿಗೆ ಹಿಡಿದು ಮಲಗುವುದೂ ತಪ್ಪೇ. ತಡೆಯುವಷ್ಟು ನಡೆದಾಡಬೇಕು. ಏಳುವಾಗ ಮಗ್ಗುಲಾಗಿ ಕೈಯೂರಿ ಏಳುವುದು, ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟು ನಡುವೆ ಕೂರುವುದು (ಹಿಂದಿನ ಸೀಟು ಪ್ರತಿ ಗುಂಡಿಗೂ ಎತ್ತಿ ಒಗೆಯುತ್ತೆ), ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ತರುವುದು.. ಇಷ್ಟನ್ನೂ ನನಗೆ ಕಲಿಸಿದ್ದು ಲಟಕ್ ಅನ್ನಿಸಿದವರಲ್ಲ, ಆಮೇಲೆ ಸಿಕ್ಕ ಫಿಜಿಯೋಥೆರಪಿಸ್ಟ್.

ಕುತ್ತಿಗೆಯ ವಿಷಯದಲ್ಲಂತೂ ನನಗೆ ಭಯವೇ. ಜೋರಾಗಿ ತಿರುವಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವಾ ಹೊಡೆದದ್ದುಂಟು. ಅಪರೂಪ, ಒಪ್ಪಿದೆ. ಆದರೆ ಲೈಕಿಗಾಗಿ ಕುತ್ತಿಗೆ ತಿರುವುವ ರೀಲ್ಸ್‌ನಲ್ಲಿ ಆ ಮಾತು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಇನ್ನು ಕೈಕಾಲಿನ ಬಲ ಕಡಿಮೆಯಾದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಯಾವ ಟೇಬಲ್ಲೂ ಬೇಡ, ಸೀದಾ ದೊಡ್ಡಾಸ್ಪತ್ರೆ.

"ಭಾರ ಎತ್ತಬೇಡಿ" ಅನ್ನುವುದು ನನ್ನಂಥ ಕುರ್ಚಿಯವನಿಗೆ ಸುಲಭ. ಕಾಕಾಗೆ ಚೀಲದ ಲೆಕ್ಕದಲ್ಲಿ ಕೂಲಿ. ಗಂಡಾಳಿಗೆ 55 ಕಿಲೋ ಮೀರಿದ ಹೊರೆ ಕೂಡದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಕಾಕಾಗೆ ಅದನ್ನು ಹೇಳಿದೆ, ನಕ್ಕುಬಿಟ್ಟ.

ಅವನನ್ನು ರಾಣೇಬೆನ್ನೂರಿನ ಎಲುಬಿನ ಡಾಕ್ಟರಿಗೆ ತೋರಿಸಿ ಆಯ್ತು. ಆರು ವಾರ ಹೆಗಲಿಗೆ ಚೀಲ ಬೇಡ ಅಂದಿದ್ದಾರೆ. ಈಗ ತೂಕದ ಕಾಟಾ ಹತ್ತಿರ ಚೀಟಿ ಬರೆಯುವ ಕೆಲಸ ಕೇಳಿದ್ದಾನೆ, ಕೂಲಿ ಅರ್ಧ. ಸೋಮವಾರ ತಿಳಿಯುತ್ತೆ.