ಓರೆಯಾದ ಲೋಟ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳಿರುವರಷ್ಟೆ. ಅವುಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದು. ಇದನ್ನು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆವು. ಆದರೂ ಉಪಾಧ್ಯಾಯರಾಗಿದ್ದ ಕಾಲವೆಲ್ಲ ಮಕ್ಕಳಿಗೆ ಶಬ್ದವನ್ನು ಮೊದಲು ಕೊಟ್ಟು, ವಸ್ತುವನ್ನು ಆಮೇಲೆ, ಹೊತ್ತು ಮಿಕ್ಕಿದ್ದರೆ, ತೋರಿಸುತ್ತಿದ್ದೆವು. ಇದು ತಪ್ಪೆಂದು ನಮಗೆ ತಿಳಿಸಿಕೊಟ್ಟವಳು ಮೂರು ವರ್ಷದ ನಮ್ಮ ಮೊಮ್ಮಗಳು.

ಒಂದು ದಿನ ಅಗಲವಾದ ಪಾತ್ರೆಗೆ ನೀರು ತುಂಬಿ, ಒಳಗಿನದು ಕಾಣುವಂತಹ ಪ್ಲಾಸ್ಟಿಕ್ ಲೋಟವೊಂದರ ತಳಕ್ಕೆ ಒಣಬಟ್ಟೆಯ ಚೂರನ್ನು ಬಿಗಿಯಾಗಿ ತುರುಕಿದೆವು. ಲೋಟವನ್ನು ಬೋರಲಾಗಿ ಹಿಡಿದು ನೆಟ್ಟಗೆ ನೀರಿನೊಳಕ್ಕೆ ಒತ್ತಿ, ನೆಟ್ಟಗೆ ಮೇಲಕ್ಕೆತ್ತಿದೆವು. ಬಟ್ಟೆ ಒದ್ದೆಯಾಗಿರಲಿಲ್ಲ. ಲೋಟದ ತುಂಬ ಗಾಳಿಯಿದ್ದುದರಿಂದ ನೀರಿಗೆ ಬಟ್ಟೆಯವರೆಗೆ ಏರಲು ಎಡೆಯಿರಲಿಲ್ಲ. ಮೊಮ್ಮಗಳು ತಾನೂ ಮಾಡುವೆನೆಂದು ಲೋಟವನ್ನು ಕಿತ್ತುಕೊಂಡಳು. ಆದರೆ ಅವಳ ಪುಟ್ಟ ಕೈಯಲ್ಲಿ ಅದು ಓರೆಯಾಯಿತು. ಬುಳುಬುಳನೆ ಗುಳ್ಳೆಗಳೆದ್ದುವು, ಬಟ್ಟೆ ತೊಯ್ದುಹೋಯಿತು. “ತಪ್ಪು!” ಎಂದು ನಾವು ಹಳೆಯ ತರಗತಿಯ ಕಂಠದಲ್ಲಿ ನುಡಿದುಬಿಟ್ಟೆವು. ಅವಳು ಲೋಟವನ್ನು ಕೆಳಗಿಟ್ಟು ಅಜ್ಜಿಯ ಸೆರಗಿನ ಮರೆಗೆ ಸೇರಿದಳು. ಎಷ್ಟು ಕರೆದರೂ ಆ ದಿನ ಮತ್ತೆ ನೀರಿನ ಬಳಿಗೆ ಬರಲಿಲ್ಲ.

ಮರುದಿನ ಅಜ್ಜಿಯೇ ಪಾತ್ರೆಯನ್ನು ಮುಂದಿಟ್ಟು, ಮಾತಿಲ್ಲದೆ ಹತ್ತಿರ ಕುಳಿತಳು. ಮೊಮ್ಮಗಳು ಲೋಟವನ್ನು ಮುಳುಗಿಸಿ ಓರೆ ಮಾಡಿದಳು, ಗುಳ್ಳೆ ನೋಡಿ ನಕ್ಕಳು, ಮತ್ತೆ ಮಾಡಿದಳು. ಹೀಗೆ ಹತ್ತಾರು ಸಲವಾದ ಮೇಲೆ ಒಂದು ಗುಳ್ಳೆಯ ಮೇಲೆ ಮುಖವಿಟ್ಟು, “ಅಜ್ಜೀ, ಲೋಟ ಉಸಿರು ಬಿಡ್ತಾ ಇದೆ!” ಎಂದಳು. ನಾವು ಬೆರಗಾದೆವು. ಲೋಟವನ್ನು ನೆಟ್ಟಗೆ ಹಿಡಿದಾಗ ಗಾಳಿ ಅಡಗಿಯೇ ಇತ್ತು. ಓರೆ ಮಾಡಿದಾಗಲೇ ಅದು ಕಣ್ಣಿಗೆ ಬಿದ್ದಿತು. ನಾವು ತಪ್ಪೆಂದುದೇ ನಿಜವಾದ ಪ್ರಯೋಗವಾಗಿತ್ತು.

ಇನ್ನೊಂದು ಪ್ರಯೋಗಕ್ಕೆ ಅಡಿಗೆಮನೆಯ ಅರಿಸಿನವೇ ಸಾಕು. ಅರಿಸಿನದ ನೀರನ್ನು ಬಿಳಿಯ ಬಟ್ಟೆಯ ಚೂರಿಗೆ ಬಳಿದು ಒಣಗಿಸಿ, ಮಗುವಿನ ಕೈಯಿಂದ ಬಟ್ಟೆಸೋಪಿನ ನೀರನ್ನು ಅದರ ಮೇಲೆ ತೊಟ್ಟಿಕ್ಕಿಸಿರಿ. ಹಳದಿ ಕೆಂಪಾಗುವುದು. ಅದರ ಮೇಲೆ ನಿಂಬೆಯ ರಸ ಬಿದ್ದರೆ ಮತ್ತೆ ಹಳದಿಯಾಗುವುದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ತೋರುವುದೇ ಇದಕ್ಕೆ ಕಾರಣ. ಆರತಿಯ ಓಕುಳಿ ಕೆಂಪಾಗುವುದೂ ಹೀಗೆಯೇ. ಅಲ್ಲಿ ಕ್ಷಾರವೆಂದರೆ ಸುಣ್ಣ. ಆದರೆ ಸುಣ್ಣವು ಕಣ್ಣನ್ನು ಸುಡತಕ್ಕದ್ದು; ಅದನ್ನು ಮಕ್ಕಳ ಕೈಗೆ ಕೊಡಕೂಡದು. ಸೋಪಿನ ನೀರೂ ನಿಂಬೆಯ ರಸವೂ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳತಕ್ಕದ್ದು.

ಗೃಹಿಣಿಯರಲ್ಲಿ ಮತ್ತೊಂದು ಬಿನ್ನಹ. ಗೇಣುದ್ದ ನೀರೂ ಕೂಸಿನ ಪ್ರಾಣಕ್ಕೆ ಎರವಾಗಬಲ್ಲುದು. ನೀರಿನ ಪಾತ್ರೆಯ ಬಳಿ ಮಗುವನ್ನು ಕ್ಷಣಮಾತ್ರವೂ ಒಂಟಿಯಾಗಿ ಬಿಡಬಾರದು. ಬಾಗಿಲಲ್ಲಿ ಯಾರು ಕೂಗಿದರೂ ಮಗುವನ್ನು ಎತ್ತಿಕೊಂಡೇ ಹೋಗಿರಿ; ಆಟ ಮುಗಿದೊಡನೆ ನೀರನ್ನು ಗಿಡಕ್ಕೆ ಸುರಿದುಬಿಡಿರಿ.

ಕಣ್ಣು ಮಗುವಿನ ಮೇಲಿರಲಿ. ನಾಲಗೆ ಮಾತ್ರ ಸುಮ್ಮನಿರಲಿ. ಕಾರಣವನ್ನು ಮಗು ಕೇಳಿದಾಗ ಹೇಳಿದರಾಯಿತು. ನಮ್ಮ ತರಗತಿಗಳಲ್ಲಿ ಎಷ್ಟು ಮಕ್ಕಳು ಹೀಗೆಯೇ ಲೋಟವನ್ನು ಓರೆ ಮಾಡಹೋಗಿ, ನಮ್ಮ ಒಂದು ಮಾತಿಗೆ ಬೆದರಿ ಕೆಳಗಿಟ್ಟರೋ! ಅವರನ್ನು ಈಗ ಮರಳಿ ಕರೆಯುವಂತಿಲ್ಲ. ಮೊಮ್ಮಗಳು ಮಾತ್ರ ನಾಳೆಯೂ ಲೋಟ ಹಿಡಿದು ಬರುವಳು. ನಾವು ಅಜ್ಜಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರುವೆವು.