ದುಡ್ಡು ಕೊಡೋ ಮೊದಲು ಡಬ್ಬಿಯನ್ನು ಮಾತಾಡಿಸಿ ನೋಡಿ

ಫೋನ್ ಮೆಮೊರಿ ತುಂಬಿದೆ, ಗೂಗಲ್ ಕೊಟ್ಟ 15 ಜಿಬಿ ಮುಗಿದಿದೆ, ಮದುವೆ ವಿಡಿಯೊ ಇರೋ ಹಾರ್ಡ್‌ಡಿಸ್ಕ್ ಯಾವ ಡ್ರಾಯರ್‌ನಲ್ಲಿದೆಯೋ ಯಾರಿಗೂ ನೆನಪಿಲ್ಲ. ಇಂಥ ಮನೆಗಳಲ್ಲಿ ಈಗ 'ನ್ಯಾಸ್' ಅನ್ನೋ ಡಬ್ಬಿಯ ಮಾತು ಬರುತ್ತೆ. ವೈಫೈ ರೂಟರ್ ಪಕ್ಕ ಕೂರುವ, ಒಂದೆರಡು ಹಾರ್ಡ್‌ಡಿಸ್ಕ್ ಹಿಡಿಸುವ ಪುಟ್ಟ ಕಂಪ್ಯೂಟರ್ ಅದು. ಮನೆಮಂದಿಯ ಫೋನು, ಲ್ಯಾಪ್‌ಟಾಪಿಗೆಲ್ಲ ಅದೊಂದೇ ಅಟ್ಟ.

ನಾನೂ ಒಂದು ತಂದೆ. ನನಗೆ ಕಣ್ಣು ಕಾಣಿಸೋದಿಲ್ಲ. ಪರದೆ ಮೇಲಿರೋದನ್ನು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಓದಿ ಹೇಳುತ್ತೆ. ಅಂಗಡಿಯವರು "ಎಲ್ಲ ಬ್ರೌಸರ್‌ನಲ್ಲೇ ಆಗುತ್ತೆ ಸರ್, ಸುಲಭ" ಅಂದರು, ನಂಬಿದೆ. ಮನೆಗೆ ಬಂದು ಸೆಟಪ್ ಪುಟ ತೆರೆದರೆ ಕೇಳಿಸಿದ್ದು "ಬಟನ್... ಬಟನ್... ಬಟನ್". ಯಾವುದಕ್ಕೂ ಹೆಸರಿಲ್ಲ. ಹಾಗೂ ಹೀಗೂ ಮುಂದೆ ಹೋದೆ. ಯಾವ ಡಿಸ್ಕ್ ಅಳಿಸಬೇಕು ಎಂದು ಆರಿಸೋ ಜಾಗ ಬಂತು. ಟಿಕ್ ಬಿದ್ದಿದೆಯೋ ಇಲ್ಲವೋ ಅನ್ನೋದನ್ನೇ ಅದು ಹೇಳಲಿಲ್ಲ. ಪಕ್ಕದ ಯುಎಸ್‌ಬಿ ಡಿಸ್ಕಿನಲ್ಲಿ ಅಪ್ಪನ ದನಿಯ ರೆಕಾರ್ಡಿಂಗ್‌ಗಳಿದ್ದವು. ವೈರ್ ಕಿತ್ತು ಸುಮ್ಮನೆ ಕೂತೆ.

ಕೊನೆಗೆ ಚಿಕ್ಕಪ್ಪನ ಮಗ ಬಂದು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಒಳ್ಳೆ ಹುಡುಗ. ಆದರೆ ನನ್ನ ಬ್ಯಾಂಕ್ ಕಾಗದ, ಹೆಂಡತಿಯ ಮೆಡಿಕಲ್ ರಿಪೋರ್ಟ್ ಎಲ್ಲ ಇರೋ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಅವನಿಗೆ ಗೊತ್ತು. ಏನೇ ಬದಲಾಯಿಸಬೇಕಿದ್ದರೂ ಅವನ ಭಾನುವಾರಕ್ಕೆ ಕಾಯಬೇಕು.

ಆಮೇಲೆ ತಿಳಿದದ್ದು ಇಷ್ಟು. ಈ ಡಬ್ಬಿಗೆ ಎರಡು ಬಾಗಿಲು. ಒಂದು, ಫೈಲ್ ಇಡೋ ತೆಗೆಯೋ ಬಾಗಿಲು. ಅದರಲ್ಲಿ ತಕರಾರೇ ಇಲ್ಲ. ವಿಂಡೋಸ್‌ಗೆ ಅದು ನೆಟ್‌ವರ್ಕ್‌ನಲ್ಲಿರೋ ಇನ್ನೊಂದು ಫೋಲ್ಡರ್ ಅಷ್ಟೇ. ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಂಡರೆ ಪೆನ್‌ಡ್ರೈವ್ ಓದಿದ ಹಾಗೇ ಎನ್‌ವಿಡಿಎ ಓದುತ್ತೆ. ಇನ್ನೊಂದು, ಅಡ್ಮಿನ್ ಬಾಗಿಲು: ಬಳಕೆದಾರರು, ಬ್ಯಾಕಪ್, ಡಿಸ್ಕಿನ ಆರೋಗ್ಯ ಇರೋ ವೆಬ್ ಪುಟ. ಅದನ್ನು ಬ್ರೌಸರ್ ಒಳಗೊಂದು ಡೆಸ್ಕ್‌ಟಾಪ್ ಥರ ಐಕಾನು, ಕಿಟಕಿಗಳಿಂದ ಸಿಂಗರಿಸಿರುತ್ತಾರೆ. ಎಡವೋದು ಅಲ್ಲೇ. ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ಅನ್ನೋ ರಿವ್ಯೂಗಳಲ್ಲಿ ಇದರ ಸುದ್ದಿಯೇ ಇರಲ್ಲ.

ಹಾಗಾಗಿ ಕೊಳ್ಳುವ ಮೊದಲು ಆ ಬಾಗಿಲನ್ನೇ ತಟ್ಟಿ ನೋಡಿ. ಸಿನಾಲಜಿಯಂಥ ಕಂಪನಿಗಳು ತಮ್ಮ ಅಡ್ಮಿನ್ ಪುಟದ ಡೆಮೊವನ್ನು ನೆಟ್‌ನಲ್ಲೇ ಇಡುತ್ತವೆ. ಹೆಡ್‌ಫೋನ್ ಹಾಕಿ, ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಒತ್ತುತ್ತಾ ಹೋಗಿ. ಪ್ರತಿ ಬಟನ್‌ಗೂ ಹೆಸರು ಕೇಳಿಸುತ್ತಾ? ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾ? ಒಬ್ಬ ಹೊಸ ಬಳಕೆದಾರನನ್ನು ಸೇರಿಸಿ, ಒಂದು ಫೋಲ್ಡರ್ ಅವನಿಗೆ ಓದಲು ಮಾತ್ರ ಸಿಗುವಂತೆ ಮಾಡಿ ನೋಡಿ. ಟಿಕ್ ಹಾಕಿದಾಗ 'ಚೆಕ್ಡ್' ಅನ್ನದಿದ್ದರೆ, ಆ ಡಬ್ಬಿ ಎಷ್ಟೇ ಅಗ್ಗವಾಗಲಿ ಬೇಡ. ಫೋನ್ ಆ್ಯಪನ್ನೂ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಹಾಕಿಕೊಂಡೇ ಪರೀಕ್ಷಿಸಿ. ಕೆಲವೊಮ್ಮೆ ಪುಟಕ್ಕಿಂತ ಆ್ಯಪ್‌ನಲ್ಲೇ ಕೆಲಸ ಸಲೀಸು. ಡೆಮೊ ಇಲ್ಲದಿದ್ದರೆ ವಾಪಸ್ ಕೊಡಬಹುದಾದ ಕಡೆಯಲ್ಲೇ ಕೊಳ್ಳಿ.

ಪುಟ ಕೈಕೊಟ್ಟರೂ ಹಿತ್ತಲ ಬಾಗಿಲೊಂದಿದೆ, ಎಸ್‌ಎಸ್‌ಎಚ್. ಕಪ್ಪು ಟರ್ಮಿನಲ್ ಕಿಟಕಿಯಲ್ಲಿ ಟೈಪ್ ಮಾಡಿದರೆ ಉತ್ತರವೂ ಅಕ್ಷರದಲ್ಲೇ ಬರುತ್ತೆ, ಸ್ಕ್ರೀನ್ ರೀಡರ್‌ಗೆ ಹಬ್ಬ. ನಾನು ಈಗ ಬಳಸುತ್ತಿರೋದು ಇದೇ ದಾರಿ: ಒಂದು ರಾಸ್ಪ್‌ಬೆರಿ ಪೈ, ಎರಡು ಡಿಸ್ಕು, ಸಾಂಬಾ ಎಂಬ ಉಚಿತ ತಂತ್ರಾಂಶ. ಪೈಗೆ ಮಾನಿಟರೇ ಬೇಡ. ಮೆಮೊರಿ ಕಾರ್ಡ್ ಸಿದ್ಧ ಮಾಡುವಾಗಲೇ ವೈಫೈ, ಪಾಸ್‌ವರ್ಡ್, ಎಸ್‌ಎಸ್‌ಎಚ್ ಎಲ್ಲ ತುಂಬಿಸಬಹುದು. ಸಾಂಬಾದ ಸೆಟ್ಟಿಂಗ್ ಕೂಡ ಒಂದು ಟೆಕ್ಸ್ಟ್ ಫೈಲ್. ಎರಡು ವಾರಾಂತ್ಯ ತಲೆ ಕೆರೆದುಕೊಂಡೆ ಅನ್ನೋದೂ ನಿಜ. ಕಮಾಂಡ್ ಅಂದ್ರೆ ಅಲರ್ಜಿ ಇರೋರಿಗೆ ಇದು ಬೇಡ. ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿದರೂ ಕೆಲಸ ನಡೆಯುತ್ತೆ.

ಯಾವುದೇ ಕೊಂಡರೂ ಮೊದಲ ದಿನವೇ ಇಮೇಲ್ ಎಚ್ಚರಿಕೆ ಹಾಕಿಕೊಳ್ಳಿ. ಡಿಸ್ಕ್ ಕೆಡುವಾಗ ಡಬ್ಬಿ ದೀಪದ ಬಣ್ಣ ಬದಲಿಸುತ್ತೆ. ಆ ಬಣ್ಣ ನಮಗೆ ಯಾರು ಹೇಳ್ತಾರೆ? ಕೆಲವು ಕುಯ್ ಅಂತ ಕೂಗಿಕೊಳ್ಳುತ್ತವೆ, ಯಾಕೆ ಅಂತ ಹೇಳಲ್ಲ. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ. ಮೂರನೇ ಪ್ರತಿ ಬೇರೆ ಮನೆಯಲ್ಲಿರಲಿ.

ಕನ್ನಡದವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಕಾಲದ ಯುನಿಕೋಡ್ ಅಲ್ಲದ ಫೈಲುಗಳನ್ನು ಅಟ್ಟಕ್ಕೇರಿಸುವ ಮೊದಲು ಯುನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ನಿಮ್ಮ ತಾತನ ಆತ್ಮಕಥೆಯನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಓದುತ್ತೆ.

ಹಳೇ ಡಬ್ಬಿಯನ್ನು ಚಿಕ್ಕಪ್ಪನ ಮಗನಿಗೇ ಕೊಟ್ಟೆ. ಅಪ್ಪನ ರೆಕಾರ್ಡಿಂಗ್‌ಗಳು ಈಗ ಝಡ್ ಡ್ರೈವ್‌ನಲ್ಲಿವೆ. ಪಾಸ್‌ವರ್ಡ್ ಗೊತ್ತಿರೋದು ನನಗೆ, ನನ್ನ ಹೆಂಡತಿಗೆ.